ಡ್ಯಾಫೋಡಿಲ್‌ನಲ್ಲಿ ಎರಡು ವರ್ಷದಿಂದ ಬರೀ ಎಲೆ, ಹೂವಿಲ್ಲ. ಯಾವ ಗೊಬ್ಬರ ಹಾಕಲಿ?

ಗೊಬ್ಬರದ ಮಾತು ಆಮೇಲೆ. "ಹೂವಂತೂ ಬರಲಿಲ್ಲ, ಎಲೆ ಅಡ್ಡಾದಿಡ್ಡಿ ಬಿದ್ದಿದೆ, ಈ ಭಾನುವಾರ ಕತ್ತರಿಸಿ ಪಾತಿ ಚೊಕ್ಕ ಮಾಡುತ್ತೇನೆ" ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ದಯವಿಟ್ಟು ಅದನ್ನು ಮಾಡಬೇಡಿ. ಆ ಸಾಲು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಾನು ವರ್ಷಗಟ್ಟಲೆ ಹೂವಿಲ್ಲದೆ ಕೂತದ್ದು ಅದೇ ಕತ್ತರಿಯಿಂದ.

ನಾನು ಮೊದಲ ಸಲ ನೆಟ್ಟದ್ದು 40 ಗೆಡ್ಡೆ. ಚಳಿ ಶುರುವಾಗುವ ಮುಂಚೆ ನೆಟ್ಟೆ, ಚಳಿ ಕಳೆಯುತ್ತಿದ್ದಂತೆ 38 ಹೂ ಬಿಟ್ಟವು. ದಿನಾ ಎದ್ದ ಕೂಡಲೇ ಕಿಟಕಿ ತೆಗೆದು ಅದನ್ನೇ ನೋಡುತ್ತಿದ್ದೆ. ಕೆಲವು ವಾರಕ್ಕೆ ಹೂ ಬಾಡಿ ಎಲೆ ಮಾತ್ರ ಉಳಿಯಿತು. ಉದ್ದುದ್ದ ಎಲೆ, ಜೋತು ಬಿದ್ದು ಪಕ್ಕದ ಗಿಡಗಳ ಮೇಲೆಲ್ಲ ಒರಗಿತ್ತು. ಹೂ ಮುಗಿದ ಮೇಲೆ ಎಲೆಗೇನು ಕೆಲಸ ಅಂದುಕೊಂಡು ಹತ್ತು ದಿನದೊಳಗೆ ನೆಲಮಟ್ಟಕ್ಕೆ ಕತ್ತರಿಸಿದೆ.

ಮರುವರ್ಷ ಬಂದದ್ದು ಆರೇ ಹೂ. ನಾನೂ ನಿಮ್ಮ ಹಾಗೇ ಯೋಚಿಸಿದೆ, ಗೊಬ್ಬರ ಕಮ್ಮಿಯಾಗಿರಬೇಕು ಅಂತ. ಹುಲ್ಲುಹಾಸಿಗೆ ಹಾಕುವ, ಸಾರಜನಕ ಜಾಸ್ತಿ ಇರುವ ಗೊಬ್ಬರ ತಂದು ಎರಡು ಸಲ ಹಾಕಿದೆ. ಎಲೆ ಕಡು ಹಸಿರಾಗಿ ಇನ್ನೂ ಎತ್ತರಕ್ಕೆ ಬೆಳೆಯಿತು. ಅಷ್ಟು ಚೆಂದದ ಎಲೆ ಕತ್ತರಿಸಲು ಮನಸ್ಸಾಗದೆ, ಜಡೆ ಹೆಣೆದು ರಬ್ಬರ್ ಬ್ಯಾಂಡ್ ಹಾಕಿ ಬಿಟ್ಟೆ. ಮೂರನೇ ವರ್ಷ ಒಂದೂ ಹೂವಿಲ್ಲ.

ಮತ್ತೆ ನೆಡುವ ಕಾಲ ಬಂದಾಗ ಹೊಸ ಗೆಡ್ಡೆ ತಂದಿಟ್ಟು, ಹಳೆಯದನ್ನೆಲ್ಲ ಕಿತ್ತೆಸೆಯಲು ಸಲಿಕೆ ಹಿಡಿದಿದ್ದೆ. ಅಷ್ಟರಲ್ಲಿ ಪರಿಚಯದ ಹಿರಿಯರೊಬ್ಬರು ಬಂದರು. ಇಂಥ ಗೆಡ್ಡೆ ಹೂಗಳನ್ನು ಬಹಳ ವರ್ಷದಿಂದ ಬೆಳೆದವರು. ಹೊಸದೊಂದು, ನನ್ನ ಪಾತಿಯದೊಂದು ತೆಗೆದುಕೊಂಡು ಎರಡನ್ನೂ ಚಾಕುವಿನಿಂದ ತುದಿಯಿಂದ ಬುಡದವರೆಗೆ ಸೀಳಿ ಪಕ್ಕ ಪಕ್ಕ ಇಟ್ಟರು. ಹೊಸ ಗೆಡ್ಡೆಯ ಪದರಗಳ ನಡುವೆ ಪುಟ್ಟ ಮೊಗ್ಗೊಂದು ಆಗಲೇ ಕೂತಿತ್ತು. ಮಣ್ಣು ಮುಟ್ಟಿರಲಿಲ್ಲ, ಚಳಿ ತಾಗಿರಲಿಲ್ಲ, ಆದರೂ ಮೊಗ್ಗು ಇತ್ತು. ನನ್ನ ಗೆಡ್ಡೆಯಲ್ಲಿ ಎಳೆ ಎಲೆ ಮಾತ್ರ. "ಒಳಗೇ ಇಲ್ಲದ್ದು ಹೊರಗೆ ಎಲ್ಲಿಂದ ಬಂದೀತು?" ಅಂದರು.

ಡ್ಯಾಫೋಡಿಲ್ ಮುಂದಿನ ವರ್ಷದ ಮೊಗ್ಗನ್ನು ಕಟ್ಟಿಕೊಳ್ಳುವುದು ಈ ವರ್ಷದ ಹೂ ಬಾಡಿದ ಮೇಲೆ, ನೆಲದೊಳಗೆ, ನಮ್ಮ ಕಣ್ಣಿಗೆ ಕಾಣದ ಹಾಗೆ. ಅದಕ್ಕೆ ಬೇಕಾದ ಆಹಾರವನ್ನು ಎಲೆಗಳೇ ಬಿಸಿಲಿನಲ್ಲಿ ತಯಾರಿಸಿ ಗೆಡ್ಡೆಗೆ ಇಳಿಸಬೇಕು. ಹೂ ಬಿಡುವಷ್ಟರಲ್ಲಿ ಗೆಡ್ಡೆ ತನ್ನ ಗಂಟನ್ನೆಲ್ಲ ಖರ್ಚು ಮಾಡಿ ಸೊರಗಿರುತ್ತದೆ. ಮತ್ತೆ ತುಂಬಿಕೊಳ್ಳಲು ಕಡಿಮೆ ಅಂದರೂ ಆರು ವಾರ ಬೇಕು. ಎಲೆ ಹಳದಿಯಾಗುವಾಗಲೂ ಕೆಲಸ ನಡೆಯುತ್ತಿರುತ್ತದೆ, ಎಲೆಯಲ್ಲಿದ್ದ ಸಾರ ಗೆಡ್ಡೆಗೆ ವಾಪಸ್ ಇಳಿಯುತ್ತಿರುತ್ತದೆ. ನಾನು ಹತ್ತನೇ ದಿನಕ್ಕೆ ಆ ಬಾಗಿಲು ಮುಚ್ಚಿಬಿಟ್ಟೆ. ಅರೆಹೊಟ್ಟೆಯ ಗೆಡ್ಡೆ ಬದುಕುತ್ತದೆ, ಎಲೆಯನ್ನೂ ಕೊಡುತ್ತದೆ, ಮೊಗ್ಗು ಕಟ್ಟುವ ಶಕ್ತಿ ಮಾತ್ರ ಅದಕ್ಕೆ ಇರುವುದಿಲ್ಲ. ಜಡೆ ಹೆಣೆದದ್ದೂ ತಪ್ಪೇ. ಮಡಚಿ ಕಟ್ಟಿದ ಎಲೆಗೆ ಬಿಸಿಲು ಸರಿಯಾಗಿ ಬೀಳುವುದಿಲ್ಲ. ಮೊದಲ ವರ್ಷದ ಆ 38 ಹೂ ನನ್ನ ಕೈಗುಣ ಆಗಿರಲೇ ಇಲ್ಲ. ಅದರ ಹಿಂದಿನ ವರ್ಷ ಆ ಗೆಡ್ಡೆಗಳನ್ನು ಬೆಳೆಸಿದವರು ಎಲೆ ಉಳಿಸಿದ್ದರು, ಮೊಗ್ಗು ತುಂಬಿದ ಗೆಡ್ಡೆ ನನ್ನ ಕೈಗೆ ಬಂದಿತ್ತು. ನಿಮ್ಮ ಮೊದಲ ವರ್ಷದ ಹೂವೂ ಹಾಗೇ ಬಂದದ್ದು.

ಅದಕ್ಕೇ ಯಾವ ಗೊಬ್ಬರ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲೆ ಉಳಿಸದವರಿಗೆ ಯಾವ ಗೊಬ್ಬರವೂ ಹೂ ಕೊಡುವುದಿಲ್ಲ. ಎಲೆ ಉಳಿಸಿದವರಿಗೆ, ಹೂವಿನ ಕಾಲ ಮುಗಿದ ಕೂಡಲೇ ಪೊಟ್ಯಾಶ್ ಜಾಸ್ತಿ ಇರುವ ಗೊಬ್ಬರ ಸ್ವಲ್ಪ ಹಾಕಿದರೆ ಸಾಕು. ಸಾರಜನಕದ ಗೊಬ್ಬರ ಹತ್ತಿರವೂ ತರಬೇಡಿ, ಅದು ಎಲೆಯನ್ನೇ ಉಬ್ಬಿಸುತ್ತದೆ. ಗೊಬ್ಬರಕ್ಕಿಂತ ನೀರು ಮುಖ್ಯ. ಹೂವಿಲ್ಲ ಅಂತ ನೀರು ನಿಲ್ಲಿಸುವವರೇ ಜಾಸ್ತಿ, ಎಲೆ ಹಸಿರಿರುವವರೆಗೆ ಮಣ್ಣು ಒಣಗಲು ಬಿಡಬಾರದು. ಹೂ ಬಂದ ವರ್ಷ, ಬಾಡಿದ ಹೂವನ್ನು ಅದರ ಹಿಂದಿನ ಉಬ್ಬಿನ ಸಮೇತ ಚಿವುಟಿ ತೆಗೆಯಿರಿ. ಇಲ್ಲದಿದ್ದರೆ ಶಕ್ತಿ ಬೀಜಕ್ಕೆ ಹೋಗುತ್ತದೆ. ಹಸಿರು ಕಾಂಡ ಮಾತ್ರ ಇರಲಿ, ಅದೂ ಎಲೆಯ ಕೆಲಸವನ್ನೇ ಮಾಡುತ್ತದೆ.

ಕಿತ್ತು ಹೊಸದು ಹಾಕುವ ಯೋಚನೆಯನ್ನೂ ಬಿಡಿ. ಕೀಳಬೇಕಾಗುವುದು ಗೆಡ್ಡೆ ಮರಿ ಹಾಕಿ ಹಾಕಿ ಒತ್ತೊತ್ತಾಗಿದ್ದರೆ ಮಾತ್ರ. ಅದೂ ಎಲೆ ಪೂರ್ತಿ ಒಣಗಿದ ಮೇಲೆ. ಆಗ ಬಿಡಿಸಿ, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳಕ್ಕೆ, ಅಂದರೆ ಸುಮಾರು 15 ಸೆಂಟಿಮೀಟರ್ ಆಳದಲ್ಲಿ, ನೀರು ನಿಲ್ಲದ ಬಿಸಿಲಿನ ಜಾಗದಲ್ಲಿ ನೆಡಿ. ಒತ್ತಿದರೆ ಮೆತ್ತಗಿರುವ ಗೆಡ್ಡೆಯನ್ನು ಎಸೆಯಿರಿ, ಒಳಗೆ ಹುಳುವೋ ಕೊಳೆಯೋ ಇರುತ್ತದೆ. ಕಿತ್ತ ಗೆಡ್ಡೆಯನ್ನು ಈರುಳ್ಳಿ ಇಡುವ ಕಡೆ ಅಪ್ಪಿತಪ್ಪಿಯೂ ಇಡಬೇಡಿ. ನೋಡಲು ಹಾಗೇ ಇರುತ್ತದೆ, ತಿಂದರೆ ವಿಷ.

ಇನ್ನೊಂದು ವಿಷಯ. ನಿಮ್ಮಲ್ಲಿ ಚಳಿಗಾಲ ಎಷ್ಟು ಗಟ್ಟಿ ಎಂದು ನೀವು ಬರೆದಿಲ್ಲ. ಒಳಗಿನ ಮೊಗ್ಗು ಮೇಲೇಳಲು 12ರಿಂದ 16 ವಾರ ತಂಪು ಬೇಕು, ಹೆಚ್ಚುಕಮ್ಮಿ 2ರಿಂದ 9 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿ ಬೀಳದ ಕಡೆ ನೆಡುವ ಮೊದಲು ಗೆಡ್ಡೆಯನ್ನು ಫ್ರಿಜ್‌ನಲ್ಲಿಡುತ್ತಾರೆ. ಹಾಗೆ ಇಡುವಾಗ ಪಕ್ಕದಲ್ಲಿ ಹಣ್ಣು ಇರಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಮೊಗ್ಗನ್ನು ಕೊಲ್ಲುತ್ತದೆ. ಆ ರಗಳೆಯೇ ಬೇಡ ಅಂದರೆ ಪೇಪರ್‌ವೈಟ್ ಜಾತಿಯದನ್ನು ನೆಡಿ, ಅದಕ್ಕೆ ಚಳಿ ಬೇಕಿಲ್ಲ.

ನನ್ನ ಹಳೇ ಗೆಡ್ಡೆಗಳನ್ನು ಎಸೆಯಲಿಲ್ಲ. ಮುಂದಿನ ಸಲ ಎಲೆಯನ್ನು ಮುಟ್ಟಲೇ ಇಲ್ಲ. ಆ ವರ್ಷವೂ ಹೂ ಬರಲಿಲ್ಲ, ಹೇಗೆ ಬಂದೀತು, ಒಳಗೆ ಮೊಗ್ಗೇ ಇರಲಿಲ್ಲವಲ್ಲ. ಅದರ ಮರುವರ್ಷ ನಾಲ್ಕು ಬಂದವು. ಅದರಾಚೆ ವರ್ಷ ಎಣಿಸಿದರೆ 27. ಪಾತಿಯ ಅಂದ ಕೆಡುತ್ತದೆ ಅನ್ನುವವರು ನಡುನಡುವೆ ಡೇಲಿಲಿ ನೆಡಬಹುದು. ಡ್ಯಾಫೋಡಿಲ್ ಹಳದಿಗೆ ತಿರುಗುವ ಹೊತ್ತಿಗೆ ಅದರ ಎಲೆ ಎದ್ದು ಇದನ್ನು ಮರೆಮಾಡುತ್ತದೆ. ನಾನು ಹಾಗೇ ಮಾಡಿದ್ದೇನೆ.

ನಿಮ್ಮ ಎಲೆ ಇನ್ನೂ ಹಸಿರಾಗಿಯೇ ಇದೆ ಅಂದಿರಿ. ಹಾಗಾದರೆ ಹೊತ್ತು ಮೀರಿಲ್ಲ. ಭಾನುವಾರ ಕತ್ತರಿ ಬದಲು ನೀರಿನ ಕ್ಯಾನ್ ಹಿಡಿಯಿರಿ. ಎಲೆ ಒಣಗಿ, ಮೆಲ್ಲಗೆ ಎಳೆದರೆ ತಾನಾಗಿಯೇ ಕೈಗೆ ಬರುವವರೆಗೆ ಕಾಯಿರಿ.