ತಿರುವಿನ ಬೇಲಿ ಪೂರ್ತಿ ಕಿತ್ತಾಕ್ಬೇಕಾ?

ಪ್ರಶ್ನೆ: ಸರ್, ನಮ್ದು ಹೊಳಲ್ಕೆರೆ ತಾಲ್ಲೂಕು. ಊರಿಗೆ ಬರೋ ಸಿಂಗಲ್ ರೋಡಲ್ಲಿ ಒಂದು ತಿರುವೈತೆ, ಎರಡೂ ಕಡೆ ಕಳ್ಳಿ, ಲಕ್ಕಿ, ಲಂಟಾನ ಹೆಣ್ಕೊಂಡು ಎದುರಿಂದ ಏನ್ ಬರ್ತೈತೆ ಅಂತ ಗೊತ್ತಾಗಲ್ಲ. ಹೋದ ವಾರ ನನ್ ತಮ್ಮ ಬೈಕಲ್ಲಿ ಹೋಗಿ ಟ್ರ್ಯಾಕ್ಟರಿಗೆ ಗುದ್ದಿ ಮಂಡಿ ಒಡ್ಕೊಂಡ. ಊರೋರು ಜೆಸಿಬಿ ತರ್ಸಿ ಪೂರ್ತಿ ಕ್ಲೀನ್ ಮಾಡ್ಸಣ ಅಂತಾರೆ. ಆದ್ರೆ ಅದ್ರಲ್ಲಿ ಕೌಜುಗ, ಉಡ ಎಲ್ಲಾ ಅವೆ. ಏನ್ಮಾಡಣ?

ಉತ್ತರ: ಜೆಸಿಬಿ ಬ್ಯಾಡ. ಕೌಜುಗಕ್ಕೋಸ್ಕರ ಅಷ್ಟೇ ಅಲ್ಲ, ನಿಮ್ ತಮ್ಮನ ಮಂಡಿಗೋಸ್ಕರಾನೂ ಬ್ಯಾಡ. ಬುಡಸಮೇತ ಕಿತ್ರೆ ಮಣ್ಣು ಸಡಿಲ ಆಗಿ ಮಳೆಗೆ ಚರಂಡಿ ತುಂಬ್ಕೊಳ್ಳುತ್ತೆ, ಆ ಬೋಳು ಮಣ್ಣಲ್ಲಿ ಮೊದ್ಲು ಏಳೋದು ಪಾರ್ಥೇನಿಯಂ, ಹಿಂದೇನೇ ಬಳ್ಳಾರಿ ಜಾಲಿ, ಅದಂತೂ ಕಡಿದಷ್ಟೂ ಬುಡದಿಂದ ಚಿಗುರೋ ಜಾತಿ, ಈಗಿರೋ ಬೇಲೀನೇ ವಾಸಿ ಅನ್ನಿಸಿಬಿಡುತ್ತೆ.

ಎದುರಿನ ಗಾಡಿ ಕಾಣ್ಬೇಕು, ಅಷ್ಟೇ ತಾನೆ? ರೋಡ್ ಇಂಜಿನಿಯರುಗಳ ಲೆಕ್ಕದಲ್ಲಿ 50 ಕಿ.ಮೀ. ಸ್ಪೀಡಲ್ಲಿರೋ ಗಾಡಿ ನಿಲ್ಲೋಕೆ 60 ಮೀಟರ್ ಬೇಕು, ಸಿಂಗಲ್ ರೋಡಲ್ಲಿ ಇಬ್ರೂ ಎದುರುಬದುರು ಬರೋದ್ರಿಂದ ಅದರ ಡಬಲ್, 120 ಮೀಟರ್, ಅಂದ್ರೆ ಸುಮಾರು 160 ಹೆಜ್ಜೆ. ನೀವು ತಿರುವಿಗೆ ಮುಂಚೆ ಬೈಕ್ ನಿಲ್ಸಿ ಮೇಲೆ ಕೂತ್ಕೊಳ್ಳಿ, ತಮ್ಮನ ಮಂಡಿ ಇನ್ನೂ ಸರಿಯಿಲ್ಲ ಅಂದ್ರೆ ಬೇರೆ ಯಾರಾದ್ರೂ ತಲೆಗೆ ಬಿಳೀ ಟವೆಲ್ ಸುತ್ಕೊಂಡು ಹೆಜ್ಜೆ ಎಣಿಸ್ತಾ ಆ ಕಡೆ ಹೋಗ್ಲಿ. 160 ಆಗೋಕೆ ಮುಂಚೆ ಟವೆಲ್ ಯಾವ ಪೊದೆ ಹಿಂದೆ ಮಾಯ ಆಗುತ್ತೋ ಅದೇ ಕಳ್ಳ. ನೋಡಿ ಬೇಕಾದ್ರೆ, ಅದು ತಿರುವಿನ ಒಳಮಗ್ಗುಲಲ್ಲೇ ಇರುತ್ತೆ. ಹೊರಮಗ್ಗುಲಿನ ಬೇಲಿ ಯಾರ ಕಣ್ಣಿಗೂ ಅಡ್ಡ ಬರಲ್ಲ, ಅದನ್ನ ಮುಟ್ಟೋದೇ ಬೇಡ. ಒಳಗಡೇದನ್ನೂ ಮಂಡಿಯುದ್ದ ಬಿಟ್ಟು ಮೇಲಿಂದ ಸವರಿದ್ರೆ ಸಾಕು, ಓಡ್ಸೋರ ಕಣ್ಣು ನೆಲದಿಂದ ನಾಲ್ಕಡಿ ಮೇಲಿರುತ್ತೆ.

ಈಗ ಆಷಾಢ, ಕೌಜುಗ ಪೊದೆ ಬುಡದಲ್ಲಿ ನೆಲದ ಮೇಲೇ ಮೊಟ್ಟೆ ಇಡೋ ಕಾಲ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೂ ಅದರ ಗಲಾಟೆ ಜಾಸ್ತಿ. ಹಂಗಾಗಿ ಈಗ ಆ ಒಂದು ಪೊದೇನ ಮಾತ್ರ ಕುಡುಗೋಲಲ್ಲಿ ಸವರಿ, ಉಳಿದಿದ್ದಕ್ಕೆ ಡಿಸೆಂಬರ್ ಬರ್ಲಿ. ಸವರೋ ಹಿಂದಿನ ದಿನ ಬೆಳಗ್ಗೆ ಅರ್ಧ ಗಂಟೆ ದೂರ ನಿಂತು ನೋಡಿ, ಪಿಕಳಾರ ಬಾಯಲ್ಲಿ ಹುಳ ಕಚ್ಕೊಂಡು ಪದೇಪದೇ ಅಲ್ಲಿಗೇ ನುಗ್ತಿದ್ರೆ ಒಳಗೆ ಮರಿ ಇದಾವೆ ಅಂತ್ಲೇ ಅರ್ಥ, ಆಗ ಇನ್ನೊಂದೆರಡು ವಾರ ತಡ್ಕೊಳ್ಳಿ, ಅಲ್ಲೀವರ್ಗೂ ತಿರುವಿನ ಎರಡೂ ಕಡೆ ‘ನಿಧಾನ, ಹಾರ್ನ್ ಮಾಡಿ’ ಅಂತ ಬೋರ್ಡ್ ನೆಡಿ.

ಉಡದ ಬಿಲ ಅಗೆಯೋಕೆ ಹೋಗ್ಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಮೊದಲ್ನೇ ಶೆಡ್ಯೂಲು, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿ, ಸುಮ್ನೆ ಕೇಸ್ ಬೀಳುತ್ತೆ. ಸವರಿದ್ದಕ್ಕೆ ಬೆಂಕಿ ಇಡೋದೂ ಬೇಡ, ಹೊಗೆ ರೋಡಿಗೇ ಅಡ್ಡ ಬರೋದು. ಹಾಂ, ಸುಗ್ಗೀಲಿ ಆ ತಿರುವಲ್ಲಿ ಹುರುಳಿ, ರಾಗಿ ಹರಡ್ತಾರಾ? ಕಾಳಿಗೆ ಕೌಜುಗ ಬೇಲಿ ಬಿಟ್ಟು ರೋಡಿಗಿಳಿಯೋದೂ ಅಲ್ಲೇ, ಬೈಕ್ ಸ್ಕಿಡ್ ಆಗೋದೂ ಅಲ್ಲೇ. ಅದನ್ನ ಇನ್ನೊಂದಿಷ್ಟು ಮುಂದೆ ನೇರ ರೋಡಿಗಾದ್ರೂ ಸರಿಸೋಕೆ ಹೇಳಿ. ಮತ್ತೆ ಕಳ್ಳಿ ಕಡಿಯೋವಾಗ ಕನ್ನಡಕ ಹಾಕ್ಕೊಳ್ಳಿ, ಹಾಲು ಕಣ್ಣಿಗೆ ಸಿಡಿದ್ರೆ ನಿಮ್ಮನ್ನೂ ಆಸ್ಪತ್ರೆಗೆ ಹಾಕ್ಬೇಕಾಗುತ್ತೆ.