'ಸೋಲ್ ಕ್ರಿಸ್ಮಸ್' ಎಲ್‌ಪಿಯಲ್ಲಿ ಆ ಹಾಡು ಯಾಕಿಲ್ಲ?

ಸಿಡಿಯಲ್ಲಿರುವ ಒಂದು ಹಾಡು ಇಲ್ಲವೆಂದು, ಕಪ್ಪು ಅಮೆರಿಕನ್ನರ 'ಸೋಲ್' ಶೈಲಿಯ ಕ್ರಿಸ್ಮಸ್ ಹಾಡುಗಳ ಸಂಕಲನವಾದ ನಿಮ್ಮ ಹಳೇ 'ಸೋಲ್ ಕ್ರಿಸ್ಮಸ್' ಎಲ್‌ಪಿ (ಗ್ರಾಮಫೋನ್ ತಟ್ಟೆ) ನಕಲಿ ಇರಬಹುದಾ ಅಂತ ಕೇಳಿದ್ದೀರಿ. ಆ ಅನುಮಾನ ಬೇಡ. ಸಿಡಿಯಲ್ಲಿರುವ, ಗಾಯಕ ಡಾನಿ ಹ್ಯಾಥವೇ ಅವರ 'ದಿಸ್ ಕ್ರಿಸ್ಮಸ್' ಅದರಲ್ಲಿ ಇಲ್ಲದಿರುವುದೇ ಸರಿ. ಆಟ್ಕೊ ರೆಕಾರ್ಡ್ ಕಂಪನಿ ಈ ಸಂಕಲನ ತಂದದ್ದು 1968ರಲ್ಲಿ. ಹ್ಯಾಥವೇ ಆ ಹಾಡನ್ನು ಶಿಕಾಗೋದಲ್ಲಿ ರೆಕಾರ್ಡ್ ಮಾಡಿದ್ದು 1970ರಲ್ಲಿ. ಆಗ ಸಿಂಗಲ್ (ಬಿಡಿ ಹಾಡು) ಆಗಿ ಬಂತು, ಜಾಸ್ತಿ ಸದ್ದು ಮಾಡಲಿಲ್ಲ. 1991ರಲ್ಲಿ ಸಂಕಲನವನ್ನು ಹೊಸದಾಗಿ ಜೋಡಿಸಿ ಮತ್ತೆ ತಂದಾಗ ಇದನ್ನೂ ಸೇರಿಸಿದರು. ಹಾಡಿಗೆ ಮರುಜೀವ ಬಂದದ್ದು ಅಲ್ಲಿಂದ. ಈಗ ಅಮೆರಿಕದಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲೆಲ್ಲೂ ಇದೇ. ಹ್ಯಾಥವೇ ಮಾತ್ರ ಅದನ್ನು ನೋಡಲಿಲ್ಲ, 1979ರಲ್ಲೇ ತೀರಿಕೊಂಡಿದ್ದರು. ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ದಯವಿಟ್ಟು ಎಲ್‌ಪಿ ಮಾರಬೇಡಿ. ಅದರಲ್ಲಿರುವ ಗಾಯಕ ಓಟಿಸ್ ರೆಡ್ಡಿಂಗ್ ಅವರ 'ವೈಟ್ ಕ್ರಿಸ್ಮಸ್' ಹೊರಬರುವ ಹೊತ್ತಿಗೆ ಅವರೇ ಇರಲಿಲ್ಲ. 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಆ ದನಿ ಕೇಳಿ, ಒಂದೊಂದು ಪದವನ್ನೂ ಹೇಗೆ ಎಳೆದು, ಹಿಂಡಿ ಹಾಡುತ್ತಾರೆ ಅಂತ!

ಹಾಗೇ ಅದರಲ್ಲೇ ಇರುವ ಕ್ಲಾರೆನ್ಸ್ ಕಾರ್ಟರ್ ಅವರ 'ಬ್ಯಾಕ್ ಡೋರ್ ಸ್ಯಾಂಟಾ'ದ ಹಾರ್ನ್ (ತುತ್ತೂರಿಯಂಥ ಊದುವಾದ್ಯಗಳ) ನುಡಿಸುವಿಕೆ ಗಮನಿಸಿ. 1987ರಲ್ಲಿ ರ‍್ಯಾಪ್ ತಂಡ ರನ್ ಡಿಎಂಸಿ ತಮ್ಮ 'ಕ್ರಿಸ್ಮಸ್ ಇನ್ ಹಾಲಿಸ್' ಹಾಡಿಗೆ ಎತ್ತಿಕೊಂಡದ್ದು ಅದನ್ನೇ.