‘ವಹಾಗ್ನ್’ ಎಂಬ ಅರ್ಮೇನಿಯನ್ ಹೆಸರಿನಲ್ಲಿ ನಮ್ಮ ‘ಅಗ್ನಿ’ ಇದೆಯೇ?

ತಮ್ಮ ಕಚೇರಿಗೆ ಹೊಸದಾಗಿ ಸೇರಿರುವ ಅರ್ಮೇನಿಯಾದವರೊಬ್ಬರ ಹೆಸರು ವಹಾಗ್ನ್ ಎಂದೂ, ಅದು ಸಂಸ್ಕೃತದ ‘ವಹ’ ಮತ್ತು ‘ಅಗ್ನಿ’ ಸೇರಿ ಆದ ಹೆಸರೆಂದು ಎಲ್ಲೋ ಓದಿದ ನೆನಪಿದೆಯೆಂದೂ ಬರೆದು, ಅದು ನಿಜವೇ ಎಂದು ತಾವು ಕೇಳಿದ್ದೀರಿ. ನಾನು ಯೆರೆವಾನ್‌ನಲ್ಲಿ ಓದುತ್ತಿದ್ದಾಗ ಬಾಡಿಗೆಗಿದ್ದ ಮನೆಯ ಅಜ್ಜಿಯ ಮೊಮ್ಮಗನಿಗೂ ಇದೇ ಹೆಸರಿದ್ದುದರಿಂದ, ಈ ಪ್ರಶ್ನೆಯನ್ನು ನಾನೂ ಬಹಳ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈ ಹೆಸರಿನಲ್ಲಿ ಅಗ್ನಿ ಇಲ್ಲ. ಆದರೆ ನಮಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ತುಣುಕು ಅದರಲ್ಲಿ ಇದೆ. ಅದು ‘ಶತ್ರುಘ್ನ’, ‘ಕೃತಘ್ನ’ ಎನ್ನುವಾಗ ನಾವು ಉಚ್ಚರಿಸುವ ‘ಘ್ನ’.

ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದಲ್ಲಿ ವಿಜಯದ ದೇವತೆಯ ಹೆಸರು ವೆರೆಥ್ರಗ್ನ. ‘ವೆರೆಥ್ರ’ ಎಂದರೆ ಅಡ್ಡಿ, ಪ್ರತಿರೋಧ. ‘ಗ್ನ’ ಎಂದರೆ ಹೊಡೆದುರುಳಿಸುವವನು. ಋಗ್ವೇದದಲ್ಲಿ ಇಂದ್ರನಿಗೆ ಮತ್ತೆ ಮತ್ತೆ ಬರುವ ‘ವೃತ್ರಹನ್’ ಎಂಬ ವಿಶೇಷಣ ಇದೇ ಪದದ ಭಾರತೀಯ ರೂಪ. ಅರ್ಮೇನಿಯಾವನ್ನು ಸುಮಾರು ಕ್ರಿ.ಶ. 1ನೇ ಶತಮಾನದಿಂದ 428ರವರೆಗೆ ಆಳಿದ ಅರ್ಶಕ ವಂಶದವರು ಪಾರ್ಥಿಯನ್, ಅಂದರೆ ಪ್ರಾಚೀನ ಇರಾನಿನ ಒಂದು ಜನಾಂಗದ, ಮೂಲದವರಾಗಿದ್ದರು. ಪಾರ್ಥಿಯನ್ ಭಾಷೆಯ ಬಾಯಲ್ಲಿ ಸವೆದ ಈ ಹೆಸರು ಅರ್ಮೇನಿಯನ್ನಿಗೆ ಬಂದಾಗ ನಡುವಿನ ‘ಥ್ರ’ ಕರಗಿ ‘ಹ’ಕಾರವಷ್ಟೇ ಉಳಿಯಿತು, ಕೊನೆಯ ‘ಗ್ನ್’ ಮಾತ್ರ ಗಟ್ಟಿಯಾಗಿ ನಿಂತಿತು. ಅದೇ ದೇವತೆಯ ಹೆಸರು ಪರ್ಷಿಯನ್ನಿನಲ್ಲಿ ಬಹ್ರಾಮ್ ಆಯಿತು, ಆ ಕವಲಿನಿಂದ ಅರ್ಮೇನಿಯನ್ನರಿಗೆ ವಹ್ರಾಮ್ ಎಂಬ ಇನ್ನೊಂದು ಹೆಸರೂ ಸಿಕ್ಕಿತು. ಆದ್ದರಿಂದ ವಹಾಗ್ನ್ ಮತ್ತು ವಹ್ರಾಮ್ ಬೇರೆ ಬೇರೆ ಕಾಲದಲ್ಲಿ ಮನೆ ಸೇರಿದ ಒಂದೇ ಪದ. ಇನ್ನು ಅವೆಸ್ತಾದಲ್ಲಿ ಬೆಂಕಿಗೆ ಬಳಸುವುದು ‘ಆತರ್’ ಎಂಬ ಬೇರೆಯೇ ಪದವನ್ನು. ಇರಾನಿನ ದಾರಿಯಲ್ಲಿ ಬಂದ ಹೆಸರಿನೊಳಗೆ ಸಂಸ್ಕೃತದ ಅಗ್ನಿಯನ್ನು ಹುಡುಕುವುದು ಸರಿಯಾಗದು. ಇದು ನಮ್ಮಿಂದ ಇರಾನಿನವರಿಗೆ ಹೋದ ಪದವಲ್ಲ, ಎರಡೂ ಕಡೆಯವರಿಗೆ ಒಂದೇ ಹಿರಿಯರಿಂದ ಬಂದದ್ದು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಹಾಗೆಂದು ‘ಅಗ್ನಿ’ಯ ಊಹೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅರ್ಮೇನಿಯಾದ ಇತಿಹಾಸಕಾರ ಮೊವ್ಸೆಸ್ ಖೊರೆನಾತ್ಸಿ, ಅರ್ಮೇನಿಯನ್ನರ ಕ್ರೈಸ್ತಪೂರ್ವ ದೇವತೆಯಾದ ವಹಾಗ್ನನ ಜನನದ ಹಾಡೊಂದನ್ನು ಉಳಿಸಿಕೊಟ್ಟಿದ್ದಾನೆ, ಗಾಯಕರು ಅದನ್ನು ವಾದ್ಯದೊಂದಿಗೆ ಹಾಡುವುದನ್ನು ತಾನೇ ಕಿವಿಯಾರೆ ಕೇಳಿದ್ದಾಗಿಯೂ ಹೇಳುತ್ತಾನೆ. ಆಕಾಶ, ಭೂಮಿ, ಕೆನ್ನೀಲಿ ಸಮುದ್ರ ಮೂರೂ ಹೆರಿಗೆಯ ನೋವು ತಿನ್ನುತ್ತವೆ. ಸಮುದ್ರದಲ್ಲಿರುವ ಕೆಂಪು ಜೊಂಡಿನ ಕೊಳವೆಯಿಂದ ಮೊದಲು ಹೊಗೆ, ಆಮೇಲೆ ಜ್ವಾಲೆ ಏಳುತ್ತದೆ. ಆ ಜ್ವಾಲೆಯೊಳಗಿಂದ ಬೆಂಕಿಯ ಕೂದಲಿನ, ಸೂರ್ಯರಂಥ ಕಣ್ಣುಗಳ ಹುಡುಗನೊಬ್ಬ ಓಡಿ ಬರುತ್ತಾನೆ. ಇದನ್ನು ಓದಿದ ಭಾರತೀಯರಿಗೆ ಅಗ್ನಿ ನೆನಪಾಗದಿದ್ದರೆ ಹೇಗೆ? ಆದರೆ ಕಥೆಯಲ್ಲಿ ಬೆಂಕಿ ಇದೆಯೆಂದ ಮಾತ್ರಕ್ಕೆ ಹೆಸರಿನ ವ್ಯುತ್ಪತ್ತಿಯಲ್ಲೂ ಬೆಂಕಿ ಇರಬೇಕಾಗಿಲ್ಲ.

ವಹಾಗ್ನನ ಮುಖ್ಯ ದೇವಾಲಯ ತಾರೋನ್ ಪ್ರಾಂತದ ಅಷ್ಟಿಷಾಟ್‌ನಲ್ಲಿತ್ತು. 4ನೇ ಶತಮಾನದ ಆರಂಭದಲ್ಲಿ ರಾಜ್ಯ ಕ್ರೈಸ್ತಧರ್ಮವನ್ನು ಸ್ವೀಕರಿಸಿದಾಗ ಸಂತ ಗ್ರೆಗೊರಿ ಅದನ್ನು ಕೆಡವಿಸಿ ಅಲ್ಲಿ ಚರ್ಚು ಕಟ್ಟಿಸಿದನೆಂದು ಅಗಾಥಾಂಗೆಲೊಸನ ಇತಿಹಾಸ ಹೇಳುತ್ತದೆ. ಗುಡಿ ಹೋದರೂ ಹೆಸರು ಹೋಗಲಿಲ್ಲ. ಹಳೆಯ ಅರ್ಮೇನಿಯನ್ ಪಂಚಾಂಗದಲ್ಲಿ ತಿಂಗಳ ಪ್ರತಿ ದಿನಕ್ಕೂ ಒಂದು ಹೆಸರಿತ್ತು, 27ನೆಯ ದಿನ ವಹಾಗ್ನನದು. ನಾವು ಆಕಾಶಗಂಗೆ ಎನ್ನುವುದನ್ನು ಅವರು ‘ಹುಲ್ಲುಗಳ್ಳನ ದಾರಿ’ ಎನ್ನುತ್ತಾರೆ: ಕಡುಚಳಿಯಲ್ಲಿ ವಹಾಗ್ನ್ ಅಸ್ಸೀರಿಯನ್ನರ ಮೂಲಪುರುಷ ಬರ್ಷಾಮನಿಂದ ಹುಲ್ಲು ಕದ್ದೊಯ್ಯುವಾಗ ದಾರಿಯುದ್ದಕ್ಕೂ ಉದುರಿದ್ದು ಅದಂತೆ.

ವ್ಯಕ್ತಿನಾಮವಾಗಿ ಇದರ ಬಳಕೆ ಬೆಳೆದದ್ದು ಆಧುನಿಕ ಕಾಲದಲ್ಲಿ, ಸಂತರ ಹೆಸರುಗಳ ಜೊತೆಗೆ ಕ್ರೈಸ್ತಪೂರ್ವ ಹೆಸರುಗಳನ್ನೂ ಜನ ಅಭಿಮಾನದಿಂದ ಇಡತೊಡಗಿದ ಮೇಲೆ. 2022ರಲ್ಲಿ ಅರ್ಮೇನಿಯಾದ ಅಧ್ಯಕ್ಷರಾದವರು ವಹಾಗ್ನ್ ಖಚತುರ್ಯನ್. ಅವರ ಪೂರ್ಣ ಹೆಸರಿನಲ್ಲಿ ನಡುವೆ ಬರುವ ‘ಗಾರ್ನಿಕಿ’ ಎಂದರೆ ಗಾರ್ನಿಕ್‌ನ ಮಗ ಎಂದು. ಅದೇ ರೀತಿ ತಮ್ಮ ಸಹೋದ್ಯೋಗಿಯ ಮಕ್ಕಳ ದಾಖಲೆಗಳಲ್ಲಿ ‘ವಹಾಗ್ನಿ’ ಎಂದಿರುತ್ತದೆ, ಆ ‘ನಿ’ಯನ್ನು ಕಂಡು ಮತ್ತೆ ಅಗ್ನಿಯ ಕಡೆ ಹೋಗಬೇಡಿ!

ಉಚ್ಚಾರಣೆಯ ಬಗ್ಗೆ ಒಂದು ಮಾತು. ಒಂದನೇ ತರಗತಿಯಲ್ಲಿದ್ದ ಆ ಮೊಮ್ಮಗ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕವಿಟ್ಟುಕೊಂಡು, ನಾಲಿಗೆ ಹೊರಚಾಚಿ, ತನ್ನ ಹೆಸರಿನ ಆರು ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತಿದ್ದ. ಐದನೆಯದಾದ ‘ಗ್’ಗೂ ಆರನೆಯದಾದ ‘ನ್’ಗೂ ನಡುವೆ ಸ್ವರಾಕ್ಷರವೇ ಇರಲಿಲ್ಲ. ಆದರೆ ಅಜ್ಜಿ ಒಲೆಯ ಬಳಿಯಿಂದ ಕೂಗಿದಾಗ ನನಗೆ ಕೇಳಿಸಿದ್ದು ‘ವಹಾಗನ್ ಜಾನ್’ ಎಂದೇ. ಬರೆಯದ ಒಂದು ತೇಲುಸ್ವರ ಅಲ್ಲಿ ನುಸುಳುತ್ತದೆ, ಒತ್ತು ‘ಹಾ’ ಮೇಲೆ ಬೀಳುತ್ತದೆ. ಲೆಬನಾನ್ ಮುಂತಾದೆಡೆ ನೆಲೆಸಿದ ಪಶ್ಚಿಮ ಅರ್ಮೇನಿಯನ್ನರು ಇದೇ ಹೆಸರನ್ನು ‘ವಹಾಕ್ನ್’ ಎನ್ನುತ್ತಾರೆ, ಆದರೆ ತಮ್ಮ ಸಹೋದ್ಯೋಗಿ ಅರ್ಮೇನಿಯಾದವರೇ ಆದ್ದರಿಂದ ‘ಗ’ಕಾರವೇ ಸರಿ. ಪರಿಚಯ ಬೆಳೆದ ಮೇಲೆ ಹೆಸರಿನ ಹಿಂದೆ ಆ ‘ಜಾನ್’ ಸೇರಿಸಿ ಕರೆಯಿರಿ. ಅಲ್ಲಿ ಅಂಗಡಿಯವರಿಂದ ಅಜ್ಜಿಯರವರೆಗೆ ಎಲ್ಲರೂ ಅಕ್ಕರೆಯಿಂದ ಕರೆಯುವುದು ಹಾಗೆಯೇ.